ಏಳನೆಯ ಸಹಿ

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಕೈಚೀಲದಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇದೆ. ರಟ್ಟಿನ ಮೇಲೆ ‘ಹೊಸ ಸಭೆ’ ಅಂತ ನನ್ನ ಹೆಂಡತಿ ಬರೆದಿದ್ದಾಳೆ. ನಾನು ಸಭಾಪಾಲಕ, ಅಂದರೆ ಪಾಸ್ಟರ್. ಸಭೆ ಅಂದರೆ ನಮ್ಮಲ್ಲಿ ಕೂಡಿ ಆರಾಧಿಸುವ ಕ್ರೈಸ್ತರ ಬಳಗ. ಮೊದಲ ಪುಟದಲ್ಲಿ ಹದಿನೆಂಟು ಕುಟುಂಬಗಳ ಹೆಸರು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿದ ಮೇಲೆ ನೆಲಮಂಗಲದ ತನಕ ಹರಡಿಕೊಂಡ ಬಡಾವಣೆಗಳಿವೆಯಲ್ಲ, ಅಲ್ಲಿಯವರು. ಭಾನುವಾರದ ಕನ್ನಡ ಆರಾಧನೆಗೆ ಇವರಲ್ಲಿ ಹಲವರು ಬಸ್ಸು ಬದಲಿಸಿಕೊಂಡು ಹಡ್ಸನ್ ವೃತ್ತದ ತನಕ ಹೋಗುತ್ತಾರೆ. ಕೈಗೂಸು ಇದ್ದವರು, ವಯಸ್ಸಾದವರು ಕ್ರಮೇಣ ಹೋಗುವುದನ್ನೇ ಬಿಟ್ಟಿದ್ದರು. ಇವರಿಗಾಗಿ ಹತ್ತಿರದಲ್ಲೇ ಒಂದು ಸಭೆ ಆಗಬೇಕು ಅನ್ನುವುದು ನಮ್ಮ ಆಸೆ.

ಎರಡನೆಯ ಪುಟದಲ್ಲಿ ಲೆಕ್ಕ. ಹಿಟ್ಟಿನ ಗಿರಣಿ ಪಕ್ಕದ ಶಟರ್ ಮಳಿಗೆ, ಬಾಡಿಗೆ ತಿಂಗಳಿಗೆ 14,000. ಬೆಂಗಳೂರಿನ ಪದ್ಧತಿಯಂತೆ ಹತ್ತು ತಿಂಗಳ ಅಡ್ವಾನ್ಸ್, ಅಂದರೆ 1,40,000. ಕುರ್ಚಿ, ಫ್ಯಾನು, ಒಂದು ಸೆಕೆಂಡ್ ಹ್ಯಾಂಡ್ ಹಾರ್ಮೋನಿಯಂ. ಕೆಳಗೆ ಕೆಂಪು ಶಾಯಿಯಲ್ಲಿ, ಕೈಯಲ್ಲಿರುವುದು 62,000.

ಈ ಪುಟ ನೋಡಿದ ಸ್ನೇಹಿತರೊಬ್ಬರು, ಅವರೂ ಸಭಾಪಾಲಕರೇ, ನನ್ನನ್ನು ಗದರಿದರು. “ಏನ್ರೀ ಇದು, ದಿನಸಿ ಅಂಗಡಿ ಇಡ್ತಾ ಇದ್ದೀರಾ? ನಂಬಿಕೆಯಿಂದ ಹೆಜ್ಜೆ ಇಡಿ, ಉಳಿದದ್ದು ಕರ್ತನು ನೋಡ್ಕೋತಾನೆ” ಅಂದರು. ಮಾತು ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಬಾಡಿಗೆ ಕೊಡಬೇಕಾದ ಐದನೇ ತಾರೀಖು ಮಳಿಗೆ ಮಾಲೀಕರ ಮುಂದೆ ನಿಂತು ‘ದೇವರು ಕೊಡ್ತಾನೆ’ ಅಂದರೆ, ಅಲ್ಲಿ ಪರೀಕ್ಷೆಗೆ ಬೀಳುವುದು ನನ್ನ ನಂಬಿಕೆಯಲ್ಲ, ಆ ಪುಣ್ಯಾತ್ಮನ ತಾಳ್ಮೆ. ಗೋಪುರ ಕಟ್ಟಬೇಕೆಂದಿರುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಅಂತ ಕೇಳಿದವನು ಸ್ವತಃ ಯೇಸುವೇ. ಲೆಕ್ಕ ಹಾಕಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಆದರೆ ನಾನು ಯಾವುದನ್ನು ಖಚಿತ ಅಂದುಕೊಂಡಿದ್ದೆನೋ ಅದೇ ಕೈಕೊಟ್ಟಿತು. ಹಣವಲ್ಲ, ಮೊದಲ ಪುಟ.

ಹದಿನೆಂಟು ಮನೆಗಳಿಗೂ ಹೋಗಿದ್ದೆ. ಎಲ್ಲರೂ ಕಾಫಿ ಕೊಟ್ಟರು, ಎಲ್ಲರೂ “ಬಂದೇ ಬರ್ತೀವಿ ಅಯ್ಯನವರೇ” ಅಂದರು. ಮೊದಲ ಪ್ರಾರ್ಥನಾ ಕೂಟಕ್ಕೆ ಬಂದದ್ದು ಮೂರು ಕುಟುಂಬ. ಒಬ್ಬರಿಗೆ ವರ್ಗವಾಗಿತ್ತು, ಒಬ್ಬರಿಗೆ ಹಳೆಯ ಸಭೆಯ ಗಾಯನ ತಂಡ ಬಿಡಲು ಮನಸ್ಸಿಲ್ಲ, ಕೆಲವರು ಫೋನ್ ಎತ್ತಲಿಲ್ಲ. ಅದೇ ವಾರ ಆ ಮಳಿಗೆಯೂ ಮೊಬೈಲ್ ಅಂಗಡಿಯವರ ಪಾಲಾಯಿತು. ಆ ರಾತ್ರಿ ನಾನು ಪ್ರಾರ್ಥನೆ ಮಾಡಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಗೋಡೆಗೆ ಮುಖ ಹಾಕಿಕೊಂಡು ಮಲಗಿದ್ದೆ. “ಲೈಟ್ ಆರಿಸ್ಲಾ?” ಅಂತ ಮಾತ್ರ ಕೇಳಿದಳು ಹೆಂಡತಿ. ಅವಳಿಗೆ ಗೊತ್ತು, ಅಂಥ ಹೊತ್ತಲ್ಲಿ ನನಗೆ ವಾಕ್ಯ ಹೇಳಬಾರದು.

ಮರುದಿನ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯ ತೆಗೆದೆ. ಎಷ್ಟೋ ಸಲ ಪ್ರಸಂಗ ಮಾಡಿದ ಭಾಗ. ಊರೂರು ತಿರುಗಿ ಯೇಸುವಿನ ವಿಷಯ ಸಾರುತ್ತಿದ್ದ ಪೌಲನಿಗೂ ಒಂದು ಯೋಜನೆ ಇತ್ತು. ಆಸ್ಯ ಸೀಮೆಯಲ್ಲಿ, ಅಂದರೆ ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿ, ಸುವಾರ್ತೆ ಸಾರಬೇಕು ಅಂದ, ಆತ್ಮನು ತಡೆದನು. ಬಿಥೂನ್ಯಕ್ಕೆ ಹೋಗೋಣ ಅಂದ, ಅದೂ ಆಗಲಿಲ್ಲ. ತ್ರೋವ ಎಂಬ ಬಂದರಿಗೆ ಬಂದು ಕೂತಾಗ ರಾತ್ರಿ ದರ್ಶನದಲ್ಲಿ ಮಕೆದೋನ್ಯದ ಒಬ್ಬ ಗಂಡಸು ನಿಂತು, ಬಂದು ನಮಗೆ ನೆರವಾಗು ಅಂತ ಬೇಡಿಕೊಂಡ. ಸಮುದ್ರ ದಾಟಿ ಮಕೆದೋನ್ಯದ ಫಿಲಿಪ್ಪಿಗೆ ಹೋದರೆ ಆ ಗಂಡಸು ಎಲ್ಲಿ? ಅವನ ಸುದ್ದಿಯೇ ಇಲ್ಲ. ಸಬ್ಬತ್ ದಿನ ಊರ ಬಾಗಿಲ ಹೊರಗೆ ಹೊಳೆ ದಂಡೆಯಲ್ಲಿ ಕೂತಿದ್ದವರೆಲ್ಲ ಹೆಂಗಸರು. ಅವರಲ್ಲಿ ಒಬ್ಬಳು ಲುದ್ಯ, ಧೂಮ್ರವರ್ಣದ ಬಟ್ಟೆ ಮಾರುವವಳು. ಆ ಊರಿನ ಸಭೆ ಶುರುವಾದದ್ದು ಅವಳ ಮನೆಯಲ್ಲಿ. ಇನ್ನೊಂದು ಸಂಗತಿ ನನ್ನ ಗಮನಕ್ಕೆ ಬಂದದ್ದು ಈ ಸಲವೇ. ಲುದ್ಯಳ ಊರು ಥುವತೈರ. ಅದು ಇರುವುದು ಆಸ್ಯ ಸೀಮೆಯಲ್ಲೇ, ಪೌಲನಿಗೆ ಬಾಗಿಲು ಮುಚ್ಚಿದ್ದ ಅದೇ ಸೀಮೆಯಲ್ಲಿ!

ನಮ್ಮ ನಾಡಿನಲ್ಲೇ ಇಂಥದ್ದೊಂದು ನಡೆದಿದೆ. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಶುರುವಾದ ಬಾಸೆಲ್ ಮಿಷನ್ ಎಂಬ ಸುವಾರ್ತೆ ಸಾರುವ ಸಂಸ್ಥೆಯವರಿಗೆ ಭಾರತಕ್ಕೆ ಬರಲು ದಾರಿ ತೆರೆದದ್ದು ಬ್ರಿಟಿಷರ 1833ರ ಚಾರ್ಟರ್ ಕಾಯಿದೆಯಿಂದ. ಮರುವರ್ಷ ಅಕ್ಟೋಬರಿನಲ್ಲಿ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಸಾರುವುದು, ಕಲಿಸುವುದು, ಅವರು ಮನಸ್ಸಿನಲ್ಲಿ ಇಟ್ಟುಕೊಂಡು ಬಂದದ್ದು ಇಷ್ಟೇ. ಮುಂದೆ ಸಭೆಗೆ ಸೇರಿದವರಲ್ಲಿ ಬಹುಮಂದಿ ಬಿಲ್ಲವರು. ಸೇರಿದ ಕೂಡಲೇ ಮನೆಯವರು ಹೊರಗೆ ಹಾಕುತ್ತಿದ್ದರು, ಶೇಂದಿ ಇಳಿಸುವ ಕಸುಬು ಬಿಡಬೇಕು ಅಂತ ಮಿಷನ್ನಿನವರು ಅನ್ನುತ್ತಿದ್ದರು. ಹಾಗಾದರೆ ಊಟಕ್ಕೇನು? ಈ ಪ್ರಶ್ನೆ ಬಾಸೆಲ್‌ನಿಂದ ತಂದ ಯಾವ ಕಾಗದದಲ್ಲೂ ಇದ್ದಿರಲಾರದು. ಕೃಷಿ ಮಾಡಿ ನೋಡಿದರು, ಕೈಹತ್ತಲಿಲ್ಲ. ಮಗ್ಗ ಹಾಕಿದರು. ಅಚ್ಚುಕೂಟದ ಯಂತ್ರದ ಕೆಲಸಕ್ಕೆ ಬಂದಿದ್ದ ಪ್ಲೆಬ್‌ಸ್ಟ್ ಎಂಬಾತ ನೇತ್ರಾವತಿ ಹೊಳೆಯ ಜೇಡಿಮಣ್ಣನ್ನು ಹಿಸುಕಿ ನೋಡಿ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ. ನಿಮ್ಮ ಅಜ್ಜನ ಮನೆಯ ಮೇಲೆ ಇದ್ದಿರಬಹುದಾದ ಮಂಗಳೂರು ಹಂಚು ಹೀಗೆ ಬಂತು. ಇದನ್ನೆಲ್ಲ ಮೊದಲೇ ಬರೆದುಕೊಂಡು ಹಡಗು ಹತ್ತಿದವರಲ್ಲ ಅವರು. ಅವರು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಕೆಲಸ ಕೊಡುವವರೂ ಸಭೆ ನಡೆಸುವವರೂ ಒಬ್ಬರೇ ಆದರೆ ಏನೇನು ತೊಡಕು ಅನ್ನುವುದು ಬೇರೆಯೇ ಕಥೆ.

ಮತ್ತೆ ನಮ್ಮ ಕಡೆಗೆ ಬರೋಣ. ಹಿಟ್ಟಿನ ಗಿರಣಿ ಅಂದೆನಲ್ಲ. ಅಡ್ವಾನ್ಸ್ ಬಾಬ್ತು ಕೊಟ್ಟಿದ್ದಷ್ಟನ್ನು ವಾಪಸು ಪಡೆಯಲು ಹೋದ ದಿನ ಅಲ್ಲಿ ಜೋಳ ಬೀಸಿಸಲು ಬಂದ ಒಬ್ಬ ಹೆಂಗಸು ನನ್ನ ಕೈಯ ಸತ್ಯವೇದ ನೋಡಿ, “ಸ್ತೋತ್ರ ಪಾಸ್ಟ್ರೇ” ಅಂದರು. ಬೀದರ್ ಕಡೆಯವರು, ಮೆಥೊಡಿಸ್ಟ್ ಸಭೆಯಲ್ಲಿ ಬೆಳೆದವರು. ಗಂಡ ಸೆಕ್ಯುರಿಟಿ ಕೆಲಸ, ಇವರು ಗಾರ್ಮೆಂಟ್ಸ್. ಬಂದು ಆರು ವರ್ಷವಾದರೂ ಒಂದು ಸಭೆ ಅಂತ ಸೇರಿರಲಿಲ್ಲ. ಭಾನುವಾರವೂ ಓವರ್‌ಟೈಮ್ ಇದ್ದರೆ ಯಾವ ಆರಾಧನೆಗೆ ಹೋಗುವುದು? “ನಮ್ಮಂಗ ಇನ್ನಾ ಭಾಳ ಮಂದಿ ಅದಾರ್ರೀ” ಅಂದರು. ಮುಂದಿನ ಬುಧವಾರದ ಕೂಟಕ್ಕೆ ಹನ್ನೊಂದು ಮಂದಿಯನ್ನು ಕರೆತಂದರು. ಒಬ್ಬರ ಹೆಸರೂ ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

ಅಲ್ಲಿಂದ ಹೊಸ ತಕರಾರು ಶುರುವಾಯಿತು, ಹಾಡಿನದು. ನಮ್ಮ ಮೂರು ಕುಟುಂಬದಲ್ಲಿ ಎರಡು ಮಂಗಳೂರಿನವು. ಅವರಿಗೆ ಜರ್ಮನ್ ಧಾಟಿಯ ಹಳೆಯ ಸಂಗೀತಗಳೇ ಆಗಬೇಕು, ನಿಧಾನಕ್ಕೆ, ನಾಲ್ಕು ದನಿ ಕೂಡಿಸಿ. ಬೀದರಿನವರು ತಾಳ ಹಿಡಿದು ಭಜನೆ ಶುರು ಮಾಡಿದರೆ ಆಮೇಲೆ ನಿಲ್ಲಿಸುವುದೇ ಕಷ್ಟ. ಮೊದಲ ವಾರ ಮಂಗಳೂರಿನ ಮೇಷ್ಟ್ರು ಕಣ್ಣು ಮುಚ್ಚಿ ಕೂತಿದ್ದರು. ಭಕ್ತಿಯಿಂದಲ್ಲ ಅಂತ ನನಗೆ ಗೊತ್ತು. ಮೂರನೆಯ ವಾರ ಅವರ ಹೆಬ್ಬೆರಳು ಸತ್ಯವೇದದ ರಟ್ಟಿನ ಮೇಲೆ ತಾಳ ಹಾಕುತ್ತಿತ್ತು. ನಾನು ನೋಡಿದ್ದನ್ನು ಅವರು ನೋಡಿದರು, ಬೆರಳು ನಿಂತಿತು.

ಬೇರೊಂದು ಮಳಿಗೆ ಸಿಕ್ಕಿದೆ, ಸ್ವಲ್ಪ ಒಳಗೆ, ಬಾಡಿಗೆ ಕಡಿಮೆ. ಅಕ್ಕಪಕ್ಕದ ಮನೆಗಳಿಗೆ ನಾನೇ ಹೋಗಿ, ಇಲ್ಲಿ ಏನು ನಡೆಯುತ್ತದೆ, ಎಷ್ಟು ಹೊತ್ತು ಅಂತ ತಿಳಿಸಿ ಬಂದೆ. ಜನವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್ ಮೀರಬಾರದು ಅನ್ನುವ ನಿಯಮವಿದೆ. ನಾವು ಮೈಕನ್ನೇ ತಂದಿಲ್ಲ. ಎದುರು ಮನೆಯ ಯಜಮಾನರು, “ಸಭೆ ಬಗ್ಗೆ ನಂದೇನಿಲ್ಲ ಸ್ವಾಮಿ, ಗೇಟಿನ ಮುಂದೆ ಬೈಕ್ ನಿಲ್ಲಿಸಬೇಡಿ” ಅಂದರು. ನ್ಯಾಯವಾದ ಮಾತು.

ಕೊನೆಗೆ ನೋಂದಣಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಕಡೇ ಪಕ್ಷ ಏಳು ಜನರ ಸಹಿ ಬೇಕು. ಮೂರು ಕುಟುಂಬದ ಗಂಡ-ಹೆಂಡತಿ ಸೇರಿ ಆರು. ಏಳನೆಯದಕ್ಕೆ ನಾನು ಹಳೆಯ ಪಟ್ಟಿಯವರಿಗೇ ಒಬ್ಬೊಬ್ಬರಿಗೆ ಫೋನ್ ಮಾಡುತ್ತಾ ಕೂತಿದ್ದೆ. ಓದಿದವರು, ಕಾಗದಪತ್ರ ಬಲ್ಲವರು ಇರಲಿ ಅಂತ. ಬೀದರಿನ ಆ ಹೆಂಗಸು ಬಾಗಿಲ ಹತ್ತಿರ ಚಾಪೆ ಸುತ್ತುತ್ತಾ ಕೇಳಿಸಿಕೊಳ್ಳುತ್ತಿದ್ದರು.

“ಯಾಕ್ರೀ ಪಾಸ್ಟ್ರೇ, ನಮಗ ಲೆಕ್ಕದಾಗ ಹಿಡ್ದಿಲ್ಲೇನ್ರೀ?”

ನನಗೆ ಉತ್ತರ ಹೊಳೆಯಲಿಲ್ಲ. ಫೋನ್ ಕೆಳಗಿಟ್ಟು ಅರ್ಜಿ ಮುಂದೆ ಸರಿಸಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡು, ನೆಲದ ಮೇಲೆ ಕೂತು, ಒಂದೊಂದೇ ಅಕ್ಷರ ಕೂಡಿಸಿ ಬರೆದರು. ಹೆಸರು, ಅದರ ಕೆಳಗೆ ಊರು, ತಾಲ್ಲೂಕು. ಅಷ್ಟೆಲ್ಲ ಬೇಕಿರಲಿಲ್ಲ, ನಾನು ತಡೆಯಲೂ ಇಲ್ಲ.

ಬರುವ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಶಟರ್ ಎತ್ತುತ್ತೇವೆ. ಕುರ್ಚಿ ಇಪ್ಪತ್ತು ಬಂದಿವೆ, ಚಾಪೆ ಎರಡು. ಹಾರ್ಮೋನಿಯಂನ ಒಂದು ಮನೆ ಒತ್ತಿದರೆ ಮೇಲೆ ಬರುವುದಿಲ್ಲ, ಮೇಷ್ಟ್ರು ರಿಪೇರಿಗೆ ಒಯ್ದಿದ್ದಾರೆ. ಶಟರ್ ಅರ್ಧಕ್ಕೆ ನಿಲ್ಲುತ್ತದೆ, ಅದಕ್ಕೆ ಗ್ರೀಸ್ ಹಾಕಿಸುವುದು ಇನ್ನೂ ಬಾಕಿ.

ನಮಸ್ಕಾರ.