ಹಡಗು ಹತ್ತುವ ಹೊರಗಿನವರು

(ಗೋವಾದ ವಾಸ್ಕೋ ಊರಿನ ಕನ್ನಡಿಗರ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಭಾನುವಾರದ ಸಂತೆ, ಮನೆಗೆಲಸ ಬಿಟ್ಟು ಬಂದಿದ್ದೀರಿ. ಜಾಸ್ತಿ ಹೊತ್ತು ಕೂರಿಸುವುದಿಲ್ಲ. ದುಡ್ಡಿಟ್ಟು ಜೂಜಾಡುವ ಕ್ಯಾಸಿನೊ ಹಡಗುಗಳ ಬಗ್ಗೆ ಒಂದು ಪತ್ರ ಬರೆದಿದ್ದೇವೆ, ಅದಕ್ಕೆ ನಿಮ್ಮ ಸಹಿ ಬೇಕು.

ನಮ್ಮ ಚಿಕ್ಕಪ್ಪನ ಮಗ ಒಬ್ಬನಿದ್ದಾನೆ, ಗದಗ ಕಡೆಯವನು. ಕೆಲವು ವರ್ಷದ ಹಿಂದೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿದ. ರೇಟು ಚೆನ್ನಾಗಿ ಸಿಕ್ಕಿತ್ತು. ಗೆಳೆಯರ ಜೊತೆ ಕಾರು ಮಾಡಿಕೊಂಡು ಗೋವಾಕ್ಕೆ ಬಂದ. ನನಗೊಂದು ಫೋನೂ ಇಲ್ಲ. ಮರುದಿನ ಬೆಳಗ್ಗೆ ಆರಕ್ಕೆ ನಮ್ಮ ಬಾಗಿಲು ಬಡಿದ. ಕಣ್ಣು ಕೆಂಪು, ಜೇಬು ಖಾಲಿ. ಗೆಳೆಯರು ಇನ್ನೂ ಹಡಗಿನಲ್ಲೇ ಇದ್ದರಂತೆ. ಇವನಿಗೆ ಊರಿಗೆ ಹೋಗಲು ಟ್ರೇನ್ ಚಾರ್ಜು ಬೇಕಿತ್ತು. ಚಹಾ ಕೊಟ್ಟು ಕೂಡಿಸಿದೆ. ಅವನ ಮೊದಲ ಮಾತು ಏನು ಗೊತ್ತಾ? "ಅಣ್ಣಾ, ಊಟ ಎಲ್ಲಾ ಫುಕಟ್ ಇತ್ತು ನೋಡು."

ಒಂದು ವರ್ಷದ ಮೆಣಸಿನಕಾಯಿ ಕೊಟ್ಟು ತಿಂದ ಫುಕಟ್ ಊಟ.

ಗೋವಾದಲ್ಲಿ ಜೂಜು ತಡೆಯುವ ಕಾಯಿದೆ 1976ರಲ್ಲೇ ಬಂತು. ಅದರ ಬಾಗಿಲನ್ನು ಒಮ್ಮೆಲೇ ಯಾರೂ ತೆರೆಯಲಿಲ್ಲ, ಸ್ವಲ್ಪ ಸ್ವಲ್ಪ ಸರಿಸಿದರು. 1992ರಲ್ಲಿ ಒಂದು ತಿದ್ದುಪಡಿ: ಪಂಚತಾರಾ ಹೋಟೆಲಿನಲ್ಲಿ ಸ್ಲಾಟ್ ಮಷೀನ್ ಇಡಬಹುದು. 1996ರಲ್ಲಿ ಇನ್ನೊಂದು: ಹಡಗಿನಲ್ಲಿ ಇಸ್ಪೀಟಿನಂಥ ಮೇಜಿನ ಆಟವನ್ನೂ ಆಡಿಸಬಹುದು. ಕಾಗದದಲ್ಲಿ ಅದು 'ಆಫ್‌ಶೋರ್'. ಅಂದರೆ ಕಡಲಿನಲ್ಲಿ ಅಂತ ತಾನೇ ನಾವು ತಿಳಿಯೋದು? ಪಣಜಿಗೆ ಹೋಗಿ ನೋಡಿ. ಆರು ಕ್ಯಾಸಿನೊ ಹಡಗುಗಳು ಮಾಂಡವಿ ನದಿಯಲ್ಲಿ ನಿಂತಿವೆ, ದಡದ ರಸ್ತೆಗೆ ಕಾಣುವ ಹಾಗೆ. ಇವನ್ನು ನದಿಯಿಂದ ಎತ್ತುತ್ತೇವೆ ಅನ್ನುವ ಮಾತು ವರ್ಷಗಳಿಂದ ಕೇಳುತ್ತಿದ್ದೇವೆ. ಸಿಕ್ಕಿದ್ದು ಅವಧಿ ವಿಸ್ತರಣೆ, ಅದರ ಮೇಲೊಂದು ವಿಸ್ತರಣೆ.

ಈ ಮಾಂಡವಿ ಯಾವ ನದಿ ಅಂತ ನಿಮಗೆ ಹೇಳಬೇಕಾಗಿಲ್ಲ. ಖಾನಾಪುರದ ಭೀಮಗಡದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ. ಇದರ ನೀರಿಗಾಗಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತರು. ಅದೇ ರೈತರ ಮಕ್ಕಳು ಶನಿವಾರ ಚೋರ್ಲಾ ಘಾಟ್ ಇಳಿದು, ಅದೇ ನದಿಯ ಮೇಲೆ ಹೊಲದ ದುಡ್ಡು ಇಟ್ಟು ಬರುತ್ತಾರೆ. ಇದಕ್ಕೆ ಮಾತ್ರ ಯಾರೂ ಧರಣಿ ಕೂತಿಲ್ಲ.

2020ರ ಫೆಬ್ರುವರಿ 1ರಿಂದ ಗೋವಾದವರು ಕ್ಯಾಸಿನೊದಲ್ಲಿ ಆಡುವಂತಿಲ್ಲ. ಕೆಲಸಕ್ಕೆ ಹೋಗಬಹುದು, ಆಡಲು ಹೋಗುವ ಹಾಗಿಲ್ಲ. ಒಳ್ಳೆಯದೇ ಆಯಿತು. ಇಲ್ಲಿನ ಹೆಂಗಸರು ಬೀದಿಗಿಳಿದು ಹೋರಾಡಿದ್ದಾರೆ, ಮನೆ ಹಾಳಾಗುತ್ತಿದೆ ಅಂತ. ಸರ್ಕಾರ ಆ ಮಾತು ಒಪ್ಪಿಕೊಂಡ ಹಾಗೇ ಅಲ್ವಾ? ಆದರೆ ಹಡಗು ನಿಂತೇ ಇದೆ. ಆಟ ಈಗ ಹೊರಗಿನವರಿಗೆ. ಹೊರಗಿನವರು ಅಂದರೆ ಯಾರು? ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ನನ್ನ ತಮ್ಮ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಊರಲ್ಲಿ ಓಸಿ, ಅಂದರೆ ಮಟ್ಕಾ ನಂಬರಿನ ಜೂಜು, ಬರೆಸುವವರನ್ನು ನೋಡಿದ್ದೀರಿ. ನೂರು ನಂಬರು, ಬಂದರೆ ಒಂದಕ್ಕೆ 80. ನೂರಕ್ಕೂ ಒಂದೊಂದು ರೂಪಾಯಿ ಹಾಕಿದರೆ 20 ರೂಪಾಯಿ ಹೋಯಿತು. ಪೊಲೀಸರು ಹಿಡಿಯುತ್ತಾರೆ, ಪೇಪರಿನಲ್ಲಿ ಬರುತ್ತದೆ. ಕ್ಯಾಸಿನೊದ ರೂಲೆಟ್ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ 37 ಮನೆ, ಗೋಲಿ ನಿಂತ ಮನೆ ಗೆದ್ದಂತೆ. ಎಲ್ಲಕ್ಕೂ 100 ಇಟ್ಟರೆ 3,700. ಗೆದ್ದ ಮನೆಗೆ ಅಸಲೂ ಸೇರಿ ವಾಪಸ್ ಬರುವುದು 3,600. ಲೆಕ್ಕ ನೋಡಿದರೆ ಹಡಗಿನವರೇ ಧರ್ಮಾತ್ಮರು! ಆದರೆ ಓಸಿ ನಂಬರು ಬರಲು ರಾತ್ರಿವರೆಗೆ ಕಾಯಬೇಕು. ಆ ಚಕ್ರ ಎರಡು ಮೂರು ನಿಮಿಷಕ್ಕೊಮ್ಮೆ ತಿರುಗುತ್ತದೆ, ಬೆಳಗಿನ ಜಾವದವರೆಗೂ. ಅದಕ್ಕೇ ಊಟ ಫುಕಟ್. ಮನುಷ್ಯ ಎದ್ದು ಹೋಗಬಾರದು ನೋಡಿ.

ಕೆಲಸದ ಮಾತು ಬರುತ್ತದೆ, ಬರಲೇಬೇಕು. ಇಲ್ಲಿ ಕೂತಿರುವ ಕೆಲವರ ಮಕ್ಕಳೇ ಅಲ್ಲಿ ಅಡುಗೆಮನೆಯಲ್ಲಿ, ಸೆಕ್ಯುರಿಟಿಯಲ್ಲಿ ದುಡಿಯುತ್ತಿದ್ದಾರೆ. ಅವರ ಸಂಬಳ ಹಗುರದ್ದಲ್ಲ, ನಾನೂ ಹಗುರವಾಗಿ ಮಾತಾಡುವುದಿಲ್ಲ. ಹಾಗಾಗಿ ನಾಳೆಯೇ ಎಲ್ಲ ಮುಚ್ಚಿ ಅಂತ ನಾವು ಪತ್ರದಲ್ಲಿ ಬರೆದಿಲ್ಲ. ಹೊಸ ಲೈಸೆನ್ಸ್ ಬೇಡ, ಇನ್ನೂ ದೊಡ್ಡ ಹಡಗು ಬೇಡ, ಇರುವುದಕ್ಕೆ ಮತ್ತೆ ವಿಸ್ತರಣೆ ಬೇಡ, ಕೆಲಸದವರಿಗೆ ಬೇರೆ ದಾರಿ ಮಾಡಿ ಅಂತಷ್ಟೇ ಕೇಳಿದ್ದೇವೆ.

ತೆರಿಗೆ ಬರುತ್ತದೆ ಅನ್ನುವವರಿಗೂ ಒಂದು ಮಾತು. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದರಿಂದಲೂ ತೆರಿಗೆ ಬರುತ್ತಿತ್ತು. ಆದರೂ ಬೇಡ ಅಂದರು. ಮೊಬೈಲಿನಲ್ಲಿ ಬೇಡವಾದದ್ದು ನದಿಯಲ್ಲಿ ಹೇಗೆ ನಡೆಯುತ್ತದೆ, ನನಗಂತೂ ಅರ್ಥವಾಗಿಲ್ಲ.

ತಮ್ಮ ಮೊನ್ನೆ ಫೋನ್ ಮಾಡಿದ್ದ. ಗೆಳೆಯರು ಮತ್ತೆ ಬರುತ್ತಾರಂತೆ. "ನೀ ಮನ್ಯಾಗ ಇರ್ತಿಯೇನಣ್ಣಾ?" ಅಂದ. ಟ್ರೇನ್ ಚಾರ್ಜಿಗೆ ಅಂತ ಇಬ್ಬರಿಗೂ ಗೊತ್ತು. ಈ ಸಲ ಮೊದಲು ನಮ್ಮ ಮನೆಗೇ ಬಾ ಅಂದಿದ್ದೇನೆ.

ಪತ್ರ ಬಾಗಿಲ ಹತ್ತಿರ ಮೇಜಿನ ಮೇಲಿದೆ. ಕನ್ನಡದಲ್ಲೂ ಇದೆ, ಕೊಂಕಣಿಯಲ್ಲೂ ಇದೆ. ಸುಮ್ನೆ ಸಹಿ ಹಾಕಬೇಡಿ, ಓದಿ ಹಾಕಿ. ಪೆನ್ನು ಒಂದೇ ಇದೆ, ಸ್ವಲ್ಪ ಕಾಯಬೇಕಾದೀತು.