ದೊಡ್ಡಮ್ಮನ ಫೋನಿನ ಮೊದಲ ಪುಟ

ಕೇಳುಗರೇ, ನಮಸ್ಕಾರ.

ಹೋದ ದೀಪಾವಳಿಗೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದೆ. ದೊಡ್ಡಮ್ಮನಿಗೆ ಅವರ ಮಗ ಹೊಸ ಸ್ಮಾರ್ಟ್‌ಫೋನ್ ತಂದುಕೊಟ್ಟು ಎರಡು ತಿಂಗಳಾಗಿತ್ತು. ಫೋನು ದೇವರ ಗೂಡಿನ ಪಕ್ಕದಲ್ಲಿ, ಮೇಲೊಂದು ಕರವಸ್ತ್ರ ಹೊದ್ದು ಕೂತಿತ್ತು. ಯಾಕೆ ಹೀಗೆ ಅಂತ ಕೇಳಿದೆ.

"ಬಂದ ಫೋನ್ ಎತ್ತುತ್ತೇನೆ ಕೂಸೇ. ನಾನಾಗಿ ಏನಾದರೂ ಮಾಡೋಕೆ ಹೋದರೆ ಏನೇನೋ ಬರುತ್ತೆ" ಅಂದರು.

ತೆಗೆದು ನೋಡಿದೆ. ಮೊದಲ ಪುಟದ ತುಂಬ ಚಿಕ್ಕ ಚಿಕ್ಕ ಚಿತ್ರಗಳು. ಫೋನಿನ ಜೊತೆಗೇ ಬಂದಿದ್ದ ಎರಡು ಆಟ, ಒಂದು ಅಂಗಡಿ ಆ್ಯಪ್, ಹೆಸರೆಲ್ಲ ಇಂಗ್ಲಿಷಿನಲ್ಲಿ. ದೊಡ್ಡಮ್ಮನಿಗೆ ದಿನಾ ಬೇಕಾದದ್ದು ಅಲ್ಲಿ ಸುಲಭಕ್ಕೆ ಕೈಗೆ ಸಿಗುವ ಹಾಗಿರಲಿಲ್ಲ. ಬೇರೆಯವರ ಮನೆಯ ಅಡುಗೆಕೋಣೆಯಲ್ಲಿ ನಿಂತು ಉಪ್ಪಿನ ಡಬ್ಬಿ ಹುಡುಕಿದ ಹಾಗೆ, ಅಲ್ವಾ? ಡಬ್ಬಿ ಇದೆ, ಉಪ್ಪೂ ಇದೆ. ಇಟ್ಟವರು ಮಾತ್ರ ಬೇರೆ.

ಆ ಮೊದಲ ಪುಟಕ್ಕೆ ಹೋಮ್ ಸ್ಕ್ರೀನ್ ಅನ್ನುತ್ತೇವೆ. ಅದನ್ನು ಬಳಸುವವರಿಗೆ ಒಪ್ಪುವ ಹಾಗೆ ಜೋಡಿಸುವುದು ಹೇಗೆ ಅಂತ ಇವತ್ತು ಹೇಳಬೇಕು ಅಂದುಕೊಂಡಿದ್ದೇನೆ.

ಮೊದಲು ನಾನು ನನ್ನ ಇಷ್ಟದ ಹಾಗೆ ಜೋಡಿಸಿದೆ. ಎಲ್ಲ ಐಕಾನ್‌ಗಳಿಗೂ, ಅಂದರೆ ಆ್ಯಪ್ ತೆರೆಯುವ ಆ ಚಿಕ್ಕ ಚಿತ್ರಗಳಿಗೂ, ಒಂದೇ ಬಣ್ಣ ಹಾಕಿದೆ. ಹಿಂದೆ ಮಳೆಗಾಲದ ಗದ್ದೆಯ ಚಿತ್ರ, ಮೇಲೆ ತೆಳ್ಳನೆ ಅಕ್ಷರದ ಗಡಿಯಾರ. ದೊಡ್ಡಮ್ಮ ನೋಡಿದರು. "ಚೆಂದ ಇದೆ. ಫೋನ್ ಮಾಡೋದು ಎಲ್ಲಿ?" ಅಂತ ಕೇಳಿದರು. ಎಲ್ಲದಕ್ಕೂ ಒಂದೇ ಬಣ್ಣ ಬಳಿದಾಗ, ಅವರು ಗುರುತು ಹಿಡಿಯುತ್ತಿದ್ದ ಒಂದೇ ದಾರಿಯನ್ನು ನಾನು ಅಳಿಸಿಬಿಟ್ಟಿದ್ದೆ. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಬಣ್ಣ ನೋಡಿಯೇ ಒತ್ತುತ್ತಿದ್ದರು.

ಎಲ್ಲವನ್ನೂ ತೆಗೆದು, ಪಕ್ಕದಲ್ಲಿ ಕೂತು, ಅವರು ಫೋನ್ ಹೇಗೆ ಬಳಸುತ್ತಾರೆ ಅಂತ ಸುಮ್ನೆ ನೋಡಿದೆ.

ಮೊದಲು ಕಂಡದ್ದು ಹಸಿರಿನ ಕಷ್ಟ. ಫೋನ್ ಮಾಡುವ ಐಕಾನ್ ಹಸಿರು. ವಾಟ್ಸಾಪ್ ಕೂಡ ಹಸಿರು. ಎರಡರಲ್ಲೂ ಹಳೇ ಲ್ಯಾಂಡ್‌ಲೈನಿನ ರಿಸೀವರ್ ಚಿತ್ರ. ನಮ್ಮ ಮನೆಯ ಮಕ್ಕಳು ಆ ರಿಸೀವರನ್ನು ಕೈಯಲ್ಲಿ ಹಿಡಿದವರೇ ಅಲ್ಲ. ದೊಡ್ಡಮ್ಮ ವರ್ಷಗಟ್ಟಲೆ ಹಿಡಿದವರು. ಹಾಗಾಗಿ ಆ ಚಿತ್ರ ಕಂಡಲ್ಲೆಲ್ಲ ಅವರಿಗೆ ಅದು ಫೋನೇ. ವಾಟ್ಸಾಪ್ ಒತ್ತುತ್ತಿದ್ದರು, ಮಾತು ಬರುತ್ತಿರಲಿಲ್ಲ, ಫೋನ್ ಕೆಟ್ಟಿದೆ ಅಂತ ಬಟ್ಟೆ ಮುಚ್ಚಿ ಇಡುತ್ತಿದ್ದರು.

ಅವರು ಫೋನ್ ಮಾಡುವುದೇ ಐದಾರು ಜನಕ್ಕೆ. ಅಂಥವರಿಗೆ ನಂಬರುಗಳ ದೊಡ್ಡ ಪಟ್ಟಿ ಯಾಕೆ ಬೇಕು? ಆಂಡ್ರಾಯ್ಡ್ ಫೋನಿನಲ್ಲಿ ಒಂದು ಒಳ್ಳೆಯ ಸೌಲಭ್ಯ ಇದೆ. ಮೊದಲ ಪುಟದ ಖಾಲಿ ಜಾಗದಲ್ಲಿ ಬೆರಳು ಒತ್ತಿ ಹಿಡಿಯಿರಿ. ವಿಜೆಟ್‌ಗಳು ಅಂತ ಕಾಣುತ್ತದೆ. ವಿಜೆಟ್ ಅಂದರೆ ಆ್ಯಪಿನ ಒಂದು ಕೆಲಸವನ್ನು ಮೊದಲ ಪುಟದ ಮೇಲೇ ತಂದಿಡುವ ಚಿಕ್ಕ ಚೌಕ. ಅದರಲ್ಲಿ ಸಂಪರ್ಕಗಳು ಅನ್ನುವ ಕಡೆ, ನೇರವಾಗಿ ಕರೆ ಮಾಡುವ ವಿಜೆಟ್ ಸಾಮಾನ್ಯವಾಗಿ ಇರುತ್ತದೆ. ಅದನ್ನು ಎಳೆದು ಪುಟದ ಮೇಲೆ ಬಿಟ್ಟು, ಯಾರಿಗೆ ಅಂತ ಆರಿಸಿದರೆ ಆಯಿತು. ಆ ಹೆಸರಿಗೆ ಫೋಟೋ ಹಾಕಿದ್ದರೆ ಆ ಮುಖವೇ ಪುಟದ ಮೇಲೆ ಬಂದು ಕೂರುತ್ತದೆ. ಮುಖ ಮುಟ್ಟಿದರೆ ಕರೆ ಹೋಗುತ್ತದೆ. ಮಗ, ಸೊಸೆ, ನಾನು, ಪಕ್ಕದ ಮನೆಯ ಅತ್ತಿಗೆ, ಹೀಗೆ ಒಬ್ಬೊಬ್ಬರ ಫೋಟೋ ಹುಡುಕಿ ಹಾಕಿದೆ. ವಾಟ್ಸಾಪನ್ನು ಎರಡನೇ ಪುಟಕ್ಕೆ ಕಳಿಸಿದೆ.

ಎರಡನೇ ಕಷ್ಟ ಬೆರಳಿನದು. ವಯಸ್ಸಾದವರು ಸ್ವಲ್ಪ ಜಾಸ್ತಿ ಹೊತ್ತು ಒತ್ತುತ್ತಾರೆ. ಗಟ್ಟಿ ಒತ್ತದೆ ಇದ್ದರೆ ಕೆಲಸ ಆಗುವುದಿಲ್ಲ ಅಂತ ಹಳೇ ಬಟನ್ನುಗಳು ಅವರಿಗೆ ಕಲಿಸಿವೆ. ಫೋನಿಗೆ ಮಾತ್ರ ಆ ಒತ್ತು, "ಈ ಐಕಾನನ್ನು ಎತ್ತಿ ಬೇರೆ ಕಡೆ ಇಡಬೇಕು" ಅಂತ ಹೇಳಿದ ಹಾಗೆ ಕೇಳಿಸುತ್ತದೆ. ಐಕಾನ್ ಜಾಗ ಬಿಟ್ಟು ಹೋಗುತ್ತದೆ, ಕೆಲವು ಸಲ ಪುಟದಿಂದಲೇ ಕಾಣೆಯಾಗುತ್ತದೆ. ದೊಡ್ಡಮ್ಮ ಹೇಳಿದ "ಏನೇನೋ ಬರುತ್ತೆ" ಇದೇ.

ಇದಕ್ಕೆ ಎರಡು ಪರಿಹಾರ ಇವೆ. ದಯವಿಟ್ಟು ಗಮನಿಸಿ ಕೇಳಿ, ಮನೆಯಲ್ಲಿ ಹಿರಿಯರಿದ್ದರೆ ಇದು ತುಂಬ ಉಪಯೋಗಕ್ಕೆ ಬರುತ್ತದೆ. ಸೆಟ್ಟಿಂಗ್ಸ್ ಒಳಗೆ ಆಕ್ಸೆಸಿಬಿಲಿಟಿ ಅನ್ನುವ ಭಾಗ ಇದೆ. ಅಲ್ಲಿ, ಎಷ್ಟು ಹೊತ್ತು ಮುಟ್ಟಿದರೆ ಒತ್ತಿ ಹಿಡಿದ ಹಾಗೆ ಅಂತ ನಾವೇ ಹೇಳಬಹುದು. ಆ ಸಮಯವನ್ನು ಹೆಚ್ಚು ಮಾಡಿ. ಇನ್ನೊಂದು, ಮೊದಲ ಪುಟದ ಜೋಡಣೆಗೆ ಬೀಗ ಹಾಕುವುದು. ಹೋಮ್ ಸ್ಕ್ರೀನ್ ಸೆಟ್ಟಿಂಗಿನಲ್ಲಿ ಲೇಔಟ್ ಲಾಕ್ ಮಾಡುವ ಆಯ್ಕೆ ಈಗ ಬಹಳ ಫೋನುಗಳಲ್ಲಿ ಇದೆ. ಒಮ್ಮೆ ಬೀಗ ಹಾಕಿದರೆ ಎಷ್ಟು ಒತ್ತಿದರೂ ಯಾವುದೂ ಕದಲುವುದಿಲ್ಲ.

ಇನ್ನೊಂದು ಮಾತು. ಐಕಾನ್ ಪುಟದಿಂದ ಹೋಯಿತು ಅಂದರೆ ಆ್ಯಪ್ ಅಳಿಸಿಹೋಯಿತು ಅಂತ ಅಲ್ಲ. 'ರಿಮೂವ್' ಅಂದರೆ ಪುಟದಿಂದ ತೆಗೆಯುವುದು ಅಷ್ಟೇ. 'ಅನ್‌ಇನ್‌ಸ್ಟಾಲ್' ಅಂದರೆ ಮಾತ್ರ ಆ್ಯಪ್ ಫೋನಿನಿಂದಲೇ ಹೋಗುತ್ತದೆ. ಈ ವ್ಯತ್ಯಾಸ ಹೇಳಿದ ಮೇಲೆ ದೊಡ್ಡಮ್ಮನ ಭಯ ಅರ್ಧ ಇಳಿಯಿತು.

ನಂತರ ಭಾಷೆ. ಫೋನಿನ ಭಾಷೆಯನ್ನೇ ಕನ್ನಡಕ್ಕೆ ಬದಲಾಯಿಸಿದೆ. ಕ್ಲಾಕ್ ಹೋಗಿ ಗಡಿಯಾರ ಆಯಿತು, ಕಾಂಟ್ಯಾಕ್ಟ್ಸ್ ಹೋಗಿ ಸಂಪರ್ಕಗಳು ಆಯಿತು. ಆದರೆ ಕೆಲವು ಆ್ಯಪ್‌ಗಳ ಹೆಸರು ಇಂಗ್ಲಿಷಿನಲ್ಲೇ ಉಳಿದುಕೊಳ್ಳುತ್ತದೆ. ಕನ್ನಡಕ್ಕೆ ಬಂದ ಹೆಸರೂ ಉದ್ದವಾದರೆ ಅರ್ಧಕ್ಕೆ ನಿಂತು ಮೂರು ಚುಕ್ಕಿ ಕಾಣಿಸುತ್ತದೆ. ಇಲ್ಲಿ ಲಾಂಚರ್ ನೆರವಿಗೆ ಬರುತ್ತದೆ. ಮೊದಲ ಪುಟವನ್ನು ತೋರಿಸುವುದೂ ಒಂದು ಆ್ಯಪೇ. ಅದಕ್ಕೆ ಲಾಂಚರ್ ಅನ್ನುತ್ತಾರೆ. ಆಂಡ್ರಾಯ್ಡ್‌ನಲ್ಲಿ ಅದನ್ನು ತೆಗೆದು ಬೇರೆಯದನ್ನು ಹಾಕಿಕೊಳ್ಳಬಹುದು. ಬೇಡವಾದರೆ ಹೊಸದನ್ನು ಅಳಿಸಿ, ಹಳೆಯದು ತಾನಾಗಿ ಬರುತ್ತದೆ. ಕೆಲವು ಲಾಂಚರ್‌ಗಳಲ್ಲಿ ಐಕಾನಿನ ಕೆಳಗೆ ನಮಗೆ ಬೇಕಾದ ಹೆಸರು ಬರೆಯಬಹುದು. ಸಾಲಿಗೆ ಎಷ್ಟು ಐಕಾನ್ ಇರಬೇಕು ಅಂತಲೂ ಹೇಳಬಹುದು. ನಾನು ಸಾಲಿಗೆ ಮೂರೇ ಇಟ್ಟೆ. ಹವಾಮಾನಕ್ಕೆ 'ಮಳೆ' ಅಂತ ಬರೆದೆ. ಯೂಟ್ಯೂಬಿಗೆ 'ಯಕ್ಷಗಾನ' ಅಂತ ಬರೆದೆ. ಅವರು ಅದರಲ್ಲಿ ನೋಡುವುದು ಅದೊಂದೇ.

ಲಾಂಚರ್ ಹಾಕುವಾಗ ಹುಷಾರು. ಮೊದಲ ಪುಟ ತೋರಿಸುವ ಆ್ಯಪಿಗೆ ನಿಮ್ಮ ಮೆಸೇಜು ಓದುವ ಕೆಲಸ ಇಲ್ಲ. ಆ ಅನುಮತಿ ಕೇಳಿದರೆ ಕೊಡಬೇಡಿ, ಅಂಥದ್ದು ಬೇಡವೇ ಬೇಡ. ಬ್ಯಾಂಕಿನ ಒಟಿಪಿ ಬರುವುದು ಅಲ್ಲಿಗೇ.

ದೊಡ್ಡಮ್ಮನ ಮಗನ ಕೈಯಲ್ಲಿ ಇದ್ದದ್ದು ಐಫೋನ್. "ನನ್ನದರಲ್ಲೂ ಇದೆಲ್ಲ ಆಗುತ್ತಾ?" ಅಂತ ಕೇಳಿದ. ಸ್ವಲ್ಪ ಮಟ್ಟಿಗೆ ಆಗುತ್ತದೆ. ಐಫೋನಿನಲ್ಲಿ ಐಕಾನ್‌ಗಳ ನಡುವೆ ವಿಜೆಟ್ ಇಡಲು ಅವಕಾಶ ಬಂದದ್ದು 2020ರಲ್ಲಿ. ಐಕಾನ್‌ಗಳ ನಡುವೆ ಖಾಲಿ ಜಾಗ ಬಿಟ್ಟು, ಬೇಕಾದಲ್ಲಿ ಇಡುವ ಸ್ವಾತಂತ್ರ್ಯ ಸಿಕ್ಕಿದ್ದು 2024ರಲ್ಲಿ. ಅಲ್ಲಿಯವರೆಗೆ ಮೇಲಿನಿಂದ ಸಾಲಾಗಿ ಒತ್ತೊತ್ತಾಗಿ ಕೂರುತ್ತಿದ್ದವು. ಲಾಂಚರ್ ಬದಲಾಯಿಸಲು ಮಾತ್ರ ಈಗಲೂ ಆಗುವುದಿಲ್ಲ.

ಈ ಖಾಲಿ ಜಾಗ ಸಣ್ಣ ವಿಷಯ ಅಲ್ಲ. ನಾವು ಫೋನನ್ನು ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಿನಲ್ಲಿ ಒತ್ತುತ್ತೇವೆ. ಅದಕ್ಕೇ ಮುಖ್ಯವಾದವೆಲ್ಲ ಕೆಳಗಿನ ಸಾಲಿನಲ್ಲಿ ಇರುತ್ತವೆ. ದೊಡ್ಡಮ್ಮ ಎಡ ಅಂಗೈಯಲ್ಲಿ ಫೋನ್ ಮಲಗಿಸಿಕೊಂಡು ಬಲಗೈಯ ತೋರುಬೆರಳಿನಲ್ಲಿ ಮುಟ್ಟುತ್ತಾರೆ. ಕೆಳಗಿನ ಸಾಲಿಗೆ ಅವರ ಎಡಗೈ ಹೆಬ್ಬೆರಳೇ ತಾಗುತ್ತಿತ್ತು. ಅವರಿಗೆ ಬೇಕಾದದ್ದನ್ನೆಲ್ಲ ನಡುವಿಗೆ ತಂದೆ. ಅಂಚು ಖಾಲಿ ಬಿಟ್ಟೆ.

ಇಷ್ಟಾದ ಮೇಲೆ ಅವರು ಕೇಳಿದ್ದು, "ಇದರಲ್ಲಿ ರೇಡಿಯೋ ಬರುತ್ತಾ?"

ಬರುತ್ತದೆ. ನ್ಯೂಸ್ ಆನ್ ಏರ್ ಅಂತ ಆ್ಯಪ್ ಇದೆ. ಅದರ ಕೆಳಗೆ 'ಆಕಾಶವಾಣಿ' ಅಂತ ಬರೆದುಕೊಟ್ಟೆ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರು ಮಾಡಿದ ಬಾನುಲಿ ನಿಲಯದ ಹೆಸರು ಅದು. ದೊಡ್ಡಮ್ಮ ಆ ಪುಟದ ಮೇಲೆ ಮೊದಲ ಸಲ ತಾವೇ ಗಟ್ಟಿಯಾಗಿ ಓದಿದ ಪದವೂ ಅದೇ.

ಕೊನೆಗೆ ಉಳಿದದ್ದು ಹಿನ್ನೆಲೆಯ ಚಿತ್ರ. ಅವರಿಗೆ ಗೌರಿಯ ಫೋಟೋ ಬೇಕಿತ್ತು. ಗೌರಿ ಅಂದರೆ ಕೊಟ್ಟಿಗೆಯಲ್ಲಿರುವ ಹಸು. ಹಾಕಿದೆ. ಆದರೆ ಗೌರಿಯ ಮುಖದ ಮೇಲೆಲ್ಲ ಐಕಾನ್ ಬಂದು ಕೂತವು, ಬಿಳಿ ಚರ್ಮದ ಮೇಲೆ ಬಿಳಿ ಅಕ್ಷರ ಕಾಣಲಿಲ್ಲ. ಕಣ್ಣು ಮಂಜಾದವರಿಗೆ ಹಿನ್ನೆಲೆ ಕಪ್ಪಾಗಿ, ಬೋಳಾಗಿ ಇದ್ದರೇ ಒಳ್ಳೆಯದು. ಒಎಲ್‌ಇಡಿ ಪರದೆ ಇರುವ ಫೋನಿನಲ್ಲಿ ಕಪ್ಪು ಇದ್ದ ಕಡೆ ಬೆಳಕೇ ಉರಿಯುವುದಿಲ್ಲ, ಬ್ಯಾಟರಿಯೂ ಸ್ವಲ್ಪ ಉಳಿಯುತ್ತದೆ. ಹಾಗಂತ ಕಪ್ಪು ಹಾಕಿದೆ. ದೊಡ್ಡಮ್ಮ ಏನೂ ಹೇಳಲಿಲ್ಲ, ಮುಖ ಮಾತ್ರ ಸಣ್ಣದಾಯಿತು.

ಆಗ ನೆನಪಾಯಿತು. ಅವರ ಐದಾರು ನಂಬರುಗಳಲ್ಲಿ ಒಂದು ಪಶುವೈದ್ಯರದು. ಅವರ ಫೋಟೋ ನಮ್ಮ ಹತ್ತಿರ ಇರಲಿಲ್ಲ, ಆ ಜಾಗದಲ್ಲಿ ಬರೀ ಒಂದು ಅಕ್ಷರ ಕಾಣುತ್ತಿತ್ತು. ಕೊಟ್ಟಿಗೆಗೆ ಹೋಗಿ, ಬಾಗಿಲ ಬೆಳಕಿಗೆ ನಿಲ್ಲಿಸಿ ಗೌರಿಯ ಮುಖದ ಇನ್ನೊಂದು ಫೋಟೋ ತೆಗೆದೆ. ವೈದ್ಯರ ಹೆಸರಿಗೆ ಅದನ್ನೇ ಹಾಕಿದೆ. ಈಗ ಪುಟದ ನಟ್ಟನಡುವೆ, ಮಗ ಮತ್ತು ಸೊಸೆಯ ಕೆಳಗಿನ ಸಾಲಿನಲ್ಲಿ ಗೌರಿ ಇದ್ದಾಳೆ. ಕಾರ್ತೀಕದಲ್ಲಿ ಅವಳು ಮೇವು ಬಿಟ್ಟಾಗ, ದೊಡ್ಡಮ್ಮ ಅವಳ ಮುಖ ಮುಟ್ಟಿ ತಾವೇ ಡಾಕ್ಟರಿಗೆ ಫೋನ್ ಮಾಡಿದರಂತೆ.

ನಮಸ್ಕಾರ.