ಆಸ್ಕರ್ ಹೇಳಬಹುದು, ನಮ್ಮೂರ ಪ್ರಶಸ್ತಿ ಹೇಳೋಕಾಗಲ್ಲ

ನಮಸ್ಕಾರ. ಮೊದಲು ಸಾಲದ ಲೆಕ್ಕ ಹೇಳಿಬಿಡುತ್ತೇನೆ. ನನ್ನ ತಲೆ ಮೇಲೆ ಈಗ 7 ಮಸಾಲೆ ದೋಸೆ ಸಾಲ ಇದೆ. ಗಾಂಧಿಬಜಾರಿನ ದೋಸೆ. ಕಾಫಿ ಬೇರೆ.

ನಾವು ನಾಲ್ಕು ಜನ ಗೆಳೆಯರು. ಪ್ರತಿ ವರ್ಷ ಆಸ್ಕರ್‌ಗೆ ಬಾಜಿ ಕಟ್ಟುತ್ತೇವೆ. ದುಡ್ಡಿನ ಮಾತಿಲ್ಲ, ದೋಸೆ ಮಾತ್ರ. ಯಾರಿಗೆ ಪ್ರಶಸ್ತಿ ಬರುತ್ತದೆ ಅಂತ ಚೀಟಿಯಲ್ಲಿ ಬರೆದು ಒಂದು ಸ್ಟೀಲ್ ಡಬ್ಬಿಗೆ ಹಾಕುತ್ತೇವೆ. ಡಬ್ಬಿ ಇರೋದು ಬಸವನಗುಡಿಯ ಗೆಳತಿಯ ಮನೆಯಲ್ಲಿ. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಅದಕ್ಕೇ ನಂಬಿ ಕೊಟ್ಟಿದ್ದೇವೆ. ಆದರೆ ಗೆಲ್ಲುವುದೂ ಅವಳೇ. ಸುಮ್ನೆ ಹೇಳಿದೆ.

2025ರ ಮಾರ್ಚ್ 3, ಸೋಮವಾರ. ಅಲ್ಲಿ ಭಾನುವಾರ ಸಂಜೆ, ಇಲ್ಲಿ ಬೆಳಗಿನ ಜಾವ ಐದೂವರೆಗೆ ಸಮಾರಂಭ ಶುರು. ದೊಡ್ಡ ಪ್ರಶಸ್ತಿಗಳೆಲ್ಲ ಕೊನೆಗೆ ಬರುವುದರಿಂದ ಆ ಹೊತ್ತಿಗೆ ನಾನು ಮೆಜೆಸ್ಟಿಕ್ ಮೆಟ್ರೊದಲ್ಲಿ ನೇರಳೆ ಲೈನಿಗೆ ಹತ್ತುವ ಗಲಾಟೆಯಲ್ಲಿದ್ದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನು. ನಟಿ ಪ್ರಶಸ್ತಿಗೆ ನನ್ನ ಚೀಟಿ ಡೆಮಿ ಮೂರ್. 'ದ ಸಬ್‌ಸ್ಟೆನ್ಸ್' ಸಿನಿಮಾ. ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಆಸ್ಕರ್‌ಗೆ ಮುಂಚೆ ಬರುವ ಪ್ರಶಸ್ತಿಗಳಲ್ಲಿ ಗೋಲ್ಡನ್ ಗ್ಲೋಬ್ ಅವರಿಗೇ ಬಂದಿತ್ತು. ಕ್ರಿಟಿಕ್ಸ್ ಚಾಯ್ಸ್ ಅವರಿಗೇ. ನಟನಟಿಯರ ಸಂಘ ಕೊಡುವ ಪ್ರಶಸ್ತಿಯೂ ಅವರಿಗೇ. ಇನ್ನೇನು ಬೇಕು? ಹೆಸರು ಕರೆದರು. 'ಅನೋರಾ'ದ ಮೈಕಿ ಮ್ಯಾಡಿಸನ್. ಪಕ್ಕದಲ್ಲಿ ನಿಂತಿದ್ದ ಯಜಮಾನರು "ಯಾಕಮ್ಮ, ಏನಾದ್ರೂ ಕೆಟ್ಟ ಸುದ್ದೀನಾ?" ಅಂತ ಕೇಳಿದರು. "ದೋಸೆ ಹೋಯ್ತು ಸರ್" ಅಂದೆ. ಅವರು ಮತ್ತೆ ಮಾತಾಡಿಸಲಿಲ್ಲ.

ಬ್ಯಾಂಕ್ ಗೆಳತಿ ಮಾತ್ರ ಮೈಕಿ ಮ್ಯಾಡಿಸನ್ ಅಂತಲೇ ಬರೆದಿದ್ದಳು. ಹೇಗೆ? ಬ್ರಿಟನ್ನಿನ ಬಾಫ್ಟಾ ಸಿನಿಮಾ ಪ್ರಶಸ್ತಿ ನೋಡಿ. ಅಲ್ಲಿ ಗೆದ್ದದ್ದು ಆ ಹುಡುಗಿ. ಆಸ್ಕರ್‌ಗೆ ಓಟು ಹಾಕುವ ಅಕಾಡೆಮಿಯಲ್ಲಿ ಈಚೆಗೆ ಅಮೆರಿಕದ ಹೊರಗಿನ ಸದಸ್ಯರು ಜಾಸ್ತಿ ಆಗಿದ್ದಾರೆ. ಹೊರಗಿನವರ ರುಚಿ ತಿಳಿಯಬೇಕಾದರೆ ಹೊರಗಿನ ಪ್ರಶಸ್ತಿ ನೋಡಬೇಕು ಅನ್ನೋದು ಅವಳ ವಾದ. ಸರಿಯಾದ ವಾದವೇ. ನಾನು ಮೂರು ಪ್ರಶಸ್ತಿ ಎಣಿಸಿದೆ, ಅವಳು ಯಾರು ಓಟು ಹಾಕುತ್ತಾರೆ ಅಂತ ಎಣಿಸಿದಳು.

ಅತ್ಯುತ್ತಮ ಚಿತ್ರದ ಲೆಕ್ಕ ಇನ್ನೂ ಮಜಾ. ಆ ಒಂದು ಪ್ರಶಸ್ತಿಗೆ ಓಟು ಬೇರೆ ಥರ. ಸದಸ್ಯರು ಒಂದೇ ಹೆಸರು ಬರೆದು ಸುಮ್ಮನಾಗುವುದಿಲ್ಲ, ಒಂದು, ಎರಡು, ಮೂರು ಅಂತ ಕ್ರಮ ಹಾಕುತ್ತಾರೆ. ಮೊದಲ ಸ್ಥಾನ ಕಡಿಮೆ ಬಿದ್ದ ಸಿನಿಮಾವನ್ನು ತೆಗೆದು, ಆ ಓಟುಗಳನ್ನು ಅವರವರ ಎರಡನೇ ಆಯ್ಕೆಗೆ ಹಂಚುತ್ತಾರೆ. ಒಂದು ಸಿನಿಮಾ ಅರ್ಧ ದಾಟುವವರೆಗೆ ಇದೇ ಕೆಲಸ. ಆಫೀಸಿನಲ್ಲಿ ಎಲ್ಲರೂ ಸೇರಿ ಊಟಕ್ಕೆ ಹೋಗುವಾಗ ನೋಡಿ. ನಾಲ್ಕು ಜನಕ್ಕೆ ಆಂಧ್ರ ಮೆಸ್ಸೇ ಬೇಕು, ಉಳಿದವರು ಖಾರ ಅಂತ ಮುಖ ಸಿಂಡರಿಸುತ್ತಾರೆ. ಕೊನೆಗೆ ಎಲ್ಲರೂ ಹೋಗುವುದು ಯಾರಿಗೂ ಪ್ರಾಣ ಅಲ್ಲದ, ಯಾರಿಗೂ ಬೇಡ ಅನ್ನಿಸದ ದರ್ಶಿನಿಗೆ. 2022ರಲ್ಲಿ ಹೀಗೇ ಆಯಿತು ಅಂತ ನನ್ನ ನಂಬಿಕೆ. 'ದ ಪವರ್ ಆಫ್ ದ ಡಾಗ್'ಗೆ 12 ನಾಮಿನೇಷನ್ ಇತ್ತು, ಬಂದದ್ದು ನಿರ್ದೇಶನಕ್ಕೆ ಒಂದೇ. 'ಕೋಡಾ'ಗೆ ಇದ್ದದ್ದೇ 3 ನಾಮಿನೇಷನ್. ಮೂರನ್ನೂ ಗೆದ್ದಿತು, ಅತ್ಯುತ್ತಮ ಚಿತ್ರವೂ ಸೇರಿ. ಆ ವರ್ಷ ನಾನು ಆಂಧ್ರ ಮೆಸ್ಸಿಗೆ ಓಟು ಹಾಕಿದ್ದೆ.

ಇನ್ನೊಂದು ವಿಷಯ ಗೊತ್ತಾ? ಒಂದು ವಿಭಾಗಕ್ಕೆ ಕೊನೆಯ ಸುತ್ತಿನಲ್ಲಿ ಓಟು ಹಾಕಬೇಕಾದರೆ ಅದರಲ್ಲಿರುವ ಎಲ್ಲ ಸಿನಿಮಾಗಳನ್ನೂ ನೋಡಿರಲೇಬೇಕು ಅಂತ ಅಕಾಡೆಮಿ ನಿಯಮ ಮಾಡಿದ್ದು 2025ರಲ್ಲಿ. ಅಂದರೆ ಅಲ್ಲಿಯವರೆಗೆ? ನಾವಾದರೂ ನೋಡಿ ಚೀಟಿ ಬರೆಯುತ್ತಿದ್ದೆವು ಮಾರಾಯ್ರೆ.

ಸರಿ. ಡಬ್ಬಿಯ ಮುಂದೆ ಕೂತಿದ್ದಾಗ ನಮ್ಮ ಗುಂಪಿನ ಇನ್ನೊಬ್ಬ ಗೆಳೆಯ, ಹಾಸನದವನು, ಒಂದು ಮಾತು ತೆಗೆದ. "ಲಾಸ್ ಏಂಜಲಿಸ್‌ನಲ್ಲಿ ಯಾರು ಗೆಲ್ತಾರೆ ಅಂತ ಇಷ್ಟು ತಲೆ ಕೆಡಿಸಿಕೊಳ್ತೀವಲ್ಲ, ನಮ್ಮ ರಾಜ್ಯ ಪ್ರಶಸ್ತಿಗೆ ಯಾಕೆ ಬಾಜಿ ಕಟ್ಟಬಾರದು?" ಒಳ್ಳೆ ಪ್ರಶ್ನೆ ಅನ್ನಿಸಿತು. ಪೇಪರ್ ತಗೊಂಡು ಕೂತೆವು. ಹತ್ತು ನಿಮಿಷದಲ್ಲಿ ಪೇಪರ್ ಮಡಚಿಟ್ಟೆವು.

ಯಾಕಂದರೆ ಬಾಜಿಗೆ ಎರಡು ಬೇಕು. ಯಾರ್ಯಾರು ಕಣದಲ್ಲಿದ್ದಾರೆ ಅಂತ ಒಂದು ಪಟ್ಟಿ. ಯಾವತ್ತು ಫಲಿತಾಂಶ ಅಂತ ಒಂದು ತಾರೀಕು. ನಮ್ಮಲ್ಲಿ ಎರಡೂ ಇಲ್ಲ. ಸಮಿತಿ ಸಿನಿಮಾ ನೋಡುತ್ತದೆ, ಆಯ್ಕೆ ಮಾಡುತ್ತದೆ, ಒಂದು ದಿನ ನೇರವಾಗಿ ಗೆದ್ದವರ ಹೆಸರು ಬರುತ್ತದೆ. ಆ ಒಂದು ದಿನ ಯಾವತ್ತು? 2019ನೇ ಸಾಲಿನ ಪ್ರಶಸ್ತಿ ಪ್ರಕಟವಾದದ್ದು 2025ರ ಜನವರಿಯಲ್ಲಿ. 'ಪೈಲ್ವಾನ್'ಗೆ ಸುದೀಪ್ ಅತ್ಯುತ್ತಮ ನಟ ಅಂದರು. ಅವರು, ನಾನು ಪ್ರಶಸ್ತಿ ತೆಗೆದುಕೊಳ್ಳುವುದನ್ನು ಬಿಟ್ಟು ಎಷ್ಟೋ ವರ್ಷ ಆಯಿತು, ಬೇರೆಯವರಿಗೆ ಕೊಡಿ ಅಂತ ನಯವಾಗಿ ಬೇಡ ಅಂದರು. 2021ರದ್ದು ಬಂದಿದ್ದು 2025ರ ಅಕ್ಟೋಬರ್‌ನಲ್ಲಿ. '777 ಚಾರ್ಲಿ'ಗೆ ರಕ್ಷಿತ್ ಶೆಟ್ಟಿ. ಆಗ ನಮ್ಮ ಮನೆಯಲ್ಲಿ ಅಮ್ಮ ಕೇಳಿದ ಪ್ರಶ್ನೆ: "ಆ ನಾಯಿ ಸಿನಿಮಾ ನಾವು ನೋಡಿದ್ದು 22ರಲ್ಲಿ ಅಲ್ವೇನೆ?" ಹೌದು, ತೆರೆಗೆ ಬಂದದ್ದು 2022ರ ಜೂನ್‌ನಲ್ಲಿ. ಆದರೆ ಲೆಕ್ಕಕ್ಕೆ ಹಿಡಿಯುವುದು ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕಿದ ವರ್ಷ. ರಾಷ್ಟ್ರ ಪ್ರಶಸ್ತಿಗೂ ಅದೇ ನಿಯಮ. ಈಗ ಹೇಳಿ, ಯಾವ ಸಿನಿಮಾ ಯಾವ ವರ್ಷದ ಕಣದಲ್ಲಿದೆ ಅಂತ ಸೆನ್ಸಾರ್ ತಾರೀಕು ಹುಡುಕಿ ಬಾಜಿ ಕಟ್ಟುವವರು ಯಾರು?

ಇದು ಬರೀ ಬಾಜಿಯ ಮಾತಲ್ಲ. 2021ರ ಅತ್ಯುತ್ತಮ ಚಿತ್ರ 'ದೊಡ್ಡಹಟ್ಟಿ ಬೋರೇಗೌಡ'. ಪ್ರಶಸ್ತಿ ಬಂದ ದಿನ ನನಗೆ ಗೊತ್ತಿದ್ದ ಹದಿನೈದು ಜನರನ್ನು ಕೇಳಿದೆ. ಒಬ್ಬರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ, ಸುಳ್ಳು ಯಾಕೆ. ಒಂದು ತಿಂಗಳ ಮುಂಚೆ ಐದು ಹೆಸರಿನ ಪಟ್ಟಿ ಬಿಟ್ಟಿದ್ದರೆ? ಯಾವನೋ ಒಬ್ಬ ಥಿಯೇಟರಿನವನು ಬೆಳಗಿನ ಒಂದು ಆಟ ಹಾಕುತ್ತಿದ್ದ. ನಮ್ಮಂಥವರು ಹೋಗಿ ನೋಡಿ, ಇದಕ್ಕೇ ಬರಬೇಕು, ಇಲ್ಲ ಅದಕ್ಕೇ ಬರಬೇಕು ಅಂತ ಕಾಫಿ ಮುಂದೆ ಕಿತ್ತಾಡುತ್ತಿದ್ದೆವು. ಪ್ರಶಸ್ತಿ ಬಂದ ಮೇಲೆ ಕಿತ್ತಾಡಲಿಕ್ಕೆ ಏನಿದೆ? ಹಾರ ಹಾಕಿ ಆಯಿತು. ಐದು ಹೆಸರು, ಒಂದು ತಾರೀಕು. ತಾರೀಕು ಬೇಕಾದರೆ ನಾನೇ ಹೇಳುತ್ತೇನೆ, ಏಪ್ರಿಲ್ 24. ಅಣ್ಣಾವ್ರು ಹುಟ್ಟಿದ ದಿನ. ಯಾರೂ ಮರೆಯೋದಿಲ್ಲ.

ರಾಷ್ಟ್ರ ಪ್ರಶಸ್ತಿಯಲ್ಲೂ ಪಟ್ಟಿ ಇಲ್ಲ. 2024ರ ಆಗಸ್ಟ್‌ನಲ್ಲಿ ಏನಾಯಿತು ನೆನಪಿದೆಯಾ? ರಿಷಬ್ ಶೆಟ್ಟಿನಾ, ಮಮ್ಮುಟ್ಟಿನಾ ಅಂತ ವಾರಗಟ್ಟಲೆ ಚರ್ಚೆ. ನಾವು ಚೀಟಿ ಬರೆದೂ ಆಗಿತ್ತು. ಗೆದ್ದದ್ದು 'ಕಾಂತಾರ'ದ ರಿಷಬ್. ಆಮೇಲೆ ದಕ್ಷಿಣದ ತೀರ್ಪುಗಾರರೊಬ್ಬರು ಹೇಳಿದರು, ಮಮ್ಮುಟ್ಟಿ ಅವರ ಸಿನಿಮಾ ಸ್ಪರ್ಧೆಗೆ ಬಂದೇ ಇರಲಿಲ್ಲ ಅಂತ. ಓಡದ ಕೋಣದ ಮೇಲೆ ಕಂಬಳದಲ್ಲಿ ಬಾಜಿ ಕಟ್ಟಿದ ಹಾಗಾಯಿತು.

ಆದರೂ ರಾಷ್ಟ್ರ ಪ್ರಶಸ್ತಿಯಲ್ಲಿ ಒಂದು ಸುಳಿವು ಸಿಗುತ್ತದೆ. ಹಳೆಯ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ. ಕನ್ನಡ ಸಿನಿಮಾಕ್ಕೆ ಅತ್ಯುತ್ತಮ ನಟ ಅಂತ ಮೊದಲು ಬಂದದ್ದು 1975ರ 'ಚೋಮನ ದುಡಿ'ಗೆ, ಎಂ.ವಿ. ವಾಸುದೇವರಾವ್ ಅವರಿಗೆ. ಆಮೇಲೆ 1986ರ 'ತಬರನ ಕತೆ'ಗೆ ಚಾರುಹಾಸನ್. ಆಮೇಲೆ 2014ರ 'ನಾನು ಅವನಲ್ಲ ಅವಳು' ಚಿತ್ರಕ್ಕೆ ಸಂಚಾರಿ ವಿಜಯ್. ಭೂಮಿ ಕೇಳಿದ ಜೀತದಾಳು, ಪಿಂಚಣಿಗಾಗಿ ಕಚೇರಿ ಅಲೆಯುವ ತಬರ, ಹೆಣ್ಣಾಗಿ ಬದುಕಲು ಹೊರಟ ಜೀವ. ಇವರಲ್ಲಿ ಒಬ್ಬರೂ ಕಟೌಟಿಗೆ ಹಾಲು ಎರೆಸಿಕೊಂಡ ನಾಯಕರಲ್ಲ. ರಾಜ್‌ಕುಮಾರ್ ಅವರಿಗೆ ಫಾಲ್ಕೆ ಪ್ರಶಸ್ತಿ ಬಂತು, 'ಜೀವನ ಚೈತ್ರ'ದಲ್ಲಿ ಹಾಡಿದ್ದಕ್ಕೆ ಗಾಯಕರ ರಾಷ್ಟ್ರ ಪ್ರಶಸ್ತಿಯೂ ಬಂತು. ನಟನೆಗೆ ಬರಲೇ ಇಲ್ಲ. ಇದನ್ನು ಹೇಳಿದಾಗಲೆಲ್ಲ ನಮ್ಮಪ್ಪ ಟಿವಿ ಸೌಂಡ್ ಜಾಸ್ತಿ ಮಾಡುತ್ತಾರೆ.

ಅಂದರೆ ತೀರ್ಪುಗಾರರಿಗೆ ಮೈಯಲ್ಲಿ ಭಾರ ಹೊತ್ತ ಪಾತ್ರ ಇಷ್ಟ. ರಿಷಬ್‌ಗೆ ಬಂದದ್ದು ಕೂಡ ಕೊನೆಯ ಇಪ್ಪತ್ತು ನಿಮಿಷಕ್ಕೆ ಅಂತಲೇ ನನ್ನ ಲೆಕ್ಕ. ಆ ಕೋಲದ ಮೈ, ಆ ಕೂಗು. ಅಲ್ಲಿ ಸ್ಟಾರ್ ಕಾಣಿಸಲಿಲ್ಲ.

ಈಗ ಈಚೆಗೆ ನೋಡಿದ, ಮತ್ತೆ ನೋಡಿದ ಸಿನಿಮಾಗಳಿಗೆ ಬರುತ್ತೇನೆ.

'ಕಾಂತಾರ ಚಾಪ್ಟರ್ 1'. ದೊಡ್ಡ ಪರದೆಯಲ್ಲೇ ನೋಡಬೇಕಾದ ಸಿನಿಮಾ. ಕ್ಯಾಮೆರಾ, ಹೊಡೆದಾಟ, ಸೆಟ್ಟು, ಇವಕ್ಕೆ ನನ್ನ ಚೀಟಿ ಇದೆ. ರುಕ್ಮಿಣಿ ವಸಂತ್ ಪಾತ್ರ ಕೊನೆಗೆ ಹೊರಳುವ ರೀತಿಯೂ ಇಷ್ಟ ಆಯಿತು. ಆದರೆ ಮೊದಲ 'ಕಾಂತಾರ'ದಲ್ಲಿ ಒಂದು ಊರಿತ್ತು. ಯಾರ ಮನೆ ಎಲ್ಲಿ, ಯಾರಿಗೆ ಯಾರ ಮೇಲೆ ಸಿಟ್ಟು ಅಂತ ಗೊತ್ತಾಗುತ್ತಿತ್ತು. ಇಲ್ಲಿ ರಾಜ್ಯ ಇದೆ, ಊರು ಇಲ್ಲ.

'ಲೋಕಾ'. ಮಲಯಾಳಂನವರು ನಮ್ಮ ಬೆಂಗಳೂರಿನ ರಾತ್ರಿಯನ್ನು ಚೆನ್ನಾಗಿ ನೋಡಿದ್ದಾರೆ. ನಮ್ಮೂರಿನ ಹುಡುಗಿಯರ ಬಗ್ಗೆ ಒಂದು ಕೆಟ್ಟ ಮಾತಿತ್ತು. ನಿರ್ಮಾಪಕರು ಕ್ಷಮೆ ಕೇಳಿ ತೆಗೆಯುತ್ತೇವೆ ಅಂದರು. ಅಲ್ಲಿಗೆ ಮುಗಿಯಿತು.

'ಸು ಫ್ರಮ್ ಸೋ'. ಇದನ್ನು ಎರಡು ಸಲ ನೋಡಿದೆ. ಮೊದಲ ಸಲ ಮಾಗಡಿ ರಸ್ತೆ ಕಡೆಯ ಥಿಯೇಟರಿನಲ್ಲಿ, ಮುಂದಿನಿಂದ ಮೂರನೇ ಸಾಲು, ಕತ್ತು ನೋವು. ಬೇರೆ ಟಿಕೆಟ್ ಸಿಗಲಿಲ್ಲ. ಸೋಮೇಶ್ವರದ ಸುಲೋಚನ ಅನ್ನುವ ದೆವ್ವ ಹುಡುಗನ ಮೈ ಮೇಲೆ ಬಂದಿದೆ ಅಂತ ಇಡೀ ಊರು ನಂಬುವ ಕತೆ. ರವಿಯಣ್ಣನ ಪಾತ್ರದ ಶನೀಲ್ ಗೌತಮ್ ಬಾಯಿ ತೆರೆಯುವ ಮುಂಚೆಯೇ ಥಿಯೇಟರ್ ನಗುತ್ತಿತ್ತು. ಎರಡನೇ ಅರ್ಧದಲ್ಲಿ ಕತೆ ಒಬ್ಬ ಹೆಂಗಸಿನ ಕಷ್ಟದ ಕಡೆ ತಿರುಗುತ್ತದೆ. ಕೆಲವರಿಗೆ ಅದು ಇಷ್ಟ ಆಗಲಿಲ್ಲ. ನನಗೆ ಸಿನಿಮಾ ಗಟ್ಟಿಯಾಗಿದ್ದೇ ಅಲ್ಲಿ. ಇಷ್ಟು ಹೊತ್ತು ನಾವು ನಕ್ಕಿದ್ದು ಯಾವ ಊರಿನ ಜೊತೆ ಅಂತ ಸ್ವಲ್ಪ ಮುಜುಗರ ಆಗುತ್ತದೆ. ಪೋಷಕ ನಟ, ರವಿಯಣ್ಣ. ಬರೆದಿಟ್ಟುಕೊಳ್ಳಿ.

'ಹೋಮ್‌ಬೌಂಡ್'. ಭಾರತದಿಂದ ಆಸ್ಕರ್‌ಗೆ ಕಳಿಸಿದ ಸಿನಿಮಾ. ಪೊಲೀಸ್ ಕೆಲಸದ ಆಸೆಯ ಇಬ್ಬರು ಗೆಳೆಯರು, ಮಧ್ಯೆ ಲಾಕ್‌ಡೌನ್. ಒಳ್ಳೆಯ ಸಿನಿಮಾ. ಆದರೆ ಅದನ್ನು ನೋಡುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ ಸಿನಿಮಾ. ಉತ್ಸವ್ ಗೋನವಾರ್ ಅವರ 'ಫೋಟೋ', 2024ರ ಮಾರ್ಚ್‌ನಲ್ಲಿ ಬಂದದ್ದು. ರಾಯಚೂರು ಕಡೆಯ ಒಬ್ಬ ಹುಡುಗ. ಅವನಿಗೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು. ಅಷ್ಟೇ ಆಸೆ. ಗಾರೆ ಕೆಲಸದ ಅಪ್ಪನ ಹತ್ತಿರ ಬೆಂಗಳೂರಿಗೆ ಬರುತ್ತಾನೆ. ಲಾಕ್‌ಡೌನ್ ಬೀಳುತ್ತದೆ. ಅಪ್ಪ ಮಗ ಊರಿಗೆ ನಡೆಯಲು ಶುರು ಮಾಡುತ್ತಾರೆ. ನಾನು ದಿನಾ ಮೆಟ್ರೊದಲ್ಲಿ ವಿಧಾನಸೌಧ ಸ್ಟೇಷನ್ ದಾಟುತ್ತೇನೆ. ಆ ಸಿನಿಮಾ ನೋಡಿದ ಮೇಲೆ ಆ ಹೆಸರು ಕೂಗಿದಾಗಲೆಲ್ಲ ಹುಡುಗನ ಮುಖ ನೆನಪಾಗುತ್ತದೆ. ಥಿಯೇಟರಿನಲ್ಲಿ ನನ್ನ ಜೊತೆ ಇದ್ದವರು ಒಂಬತ್ತು ಜನ. ಐದು ಹೆಸರಿನ ಪಟ್ಟಿ ಅಂತ ನಾನು ಬಾಯಿ ಬಡಿದುಕೊಳ್ಳೋದು ಇಂಥ ಸಿನಿಮಾಕ್ಕೇ.

ಕೊನೆಯದು, ನನ್ನ ಅತಿ ದೊಡ್ಡ ಚೀಟಿ. 2024ರ ಫೆಬ್ರವರಿಯಲ್ಲಿ ಬಂದ 'ಶಾಖಾಹಾರಿ'. ಸಂದೀಪ್ ಸುಂಕದ ನಿರ್ದೇಶನ. ಮಲೆನಾಡಿನ ಒಂದು ಸಸ್ಯಾಹಾರಿ ಹೋಟೆಲ್, ಅದರ ಸುಬ್ಬಣ್ಣ. ಅಂದರೆ ರಂಗಾಯಣ ರಘು. ಈ ಮನುಷ್ಯನನ್ನು ನಾವು ಎಷ್ಟು ವರ್ಷ ಕಿರುಚಿಸಿದ್ದೇವೆ, ಬಿದ್ದು ಎದ್ದು ಹೊರಳಾಡಿಸಿದ್ದೇವೆ. ಇಲ್ಲಿ ಅವರು ತರಕಾರಿ ಹೆಚ್ಚುವುದನ್ನು ನೋಡುತ್ತಿದ್ದರೆ ಎದೆಯಲ್ಲಿ ಏನೋ ಆಗುತ್ತದೆ. ದನಿ ಏರುವುದೇ ಇಲ್ಲ. ಕಾಮಿಡಿ ಪಾತ್ರದವರಿಗೆ ಕೊಡಲ್ಲ ಅಂತ ಹಾಸನದವನು ಅಂದ. ಉಮಾಶ್ರೀ ಅವರನ್ನು ಮರೆತೆಯಾ ಅಂದೆ. ಅಷ್ಟು ವರ್ಷ ನಗಿಸಿ, ಕೊನೆಗೆ 'ಗುಲಾಬಿ ಟಾಕೀಸ್'ಗೆ ರಾಷ್ಟ್ರ ಪ್ರಶಸ್ತಿ ತಂದರಲ್ಲ. ರಾಜ್ಯ ಪ್ರಶಸ್ತಿ, ಅತ್ಯುತ್ತಮ ನಟ, ರಂಗಾಯಣ ರಘು. ಸೆನ್ಸಾರ್ ಯಾವ ವರ್ಷ ಆಗಿದ್ದರೂ ಚೀಟಿ ಅದೇ.

ಡಬ್ಬಿಗೆ ಹಾಕಿದೆ. ಬ್ಯಾಂಕ್ ಗೆಳತಿ ಮುಚ್ಚಳ ಹಾಕಿ, ಅದರ ಮೇಲೆ ಪೆನ್ನಿನಲ್ಲಿ "2028" ಅಂತ ಬರೆದಳು. ಆಮೇಲೆ ಸ್ವಲ್ಪ ಯೋಚಿಸಿ, ಅದನ್ನು ಹೊಡೆದು ಹಾಕಿ "2029" ಅಂತ ಬರೆದಳು. ಆಗ ದೋಸೆಗೆ ಎಷ್ಟಾಗಿರುತ್ತೋ ಅಂದೆ. ಅದಕ್ಕೂ ಬೇರೆ ಚೀಟಿ ಕೊಟ್ಟಳು.